ಅಲಗಿನ ಬುಡದಲ್ಲಿ ಶೆಫೀಲ್ಡ್, ಬಾಯಲ್ಲಿ ನಂಜನಗೂಡು

ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಮಡಚುವ ಚಾಕನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಓದಿ ನೋಡಿ. ಮಾಡಿದವರ ಗುರುತು ಒಂದು ಕಡೆ, ಬಳಸಿದವರ ಗುರುತು ಇನ್ನೊಂದು ಕಡೆ ಇರುತ್ತದೆ.

ಹಳೆಯ ಮಡಚುವ ಚಾಕು ಕೈಗೆ ಸಿಕ್ಕರೆ ನಾವು ಮೊದಲು ಹೆಬ್ಬೆರಳಿನಲ್ಲಿ ಬಾಯಿ ಸವರಿ ಹರಿತ ನೋಡುತ್ತೇವೆ. ಚಾಕು ಸಂಗ್ರಹಿಸುವವರು ಬಾಯಿಯ ತಂಟೆಗೆ ಹೋಗುವುದಿಲ್ಲ. ಅಲಗನ್ನು ಪೂರ್ತಿ ಬಿಚ್ಚಿ, ಅದು ಹಿಡಿಯೊಳಗೆ ಇಳಿಯುವ ಬುಡವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಕಿರುಬೆರಳಿನ ಉಗುರಿನಗಲದ ಆ ಜಾಗಕ್ಕೆ ಮಸೆಗಲ್ಲು ತಾಗುವುದಿಲ್ಲ. ಹಾಗಾಗಿ ಅಲಗು ಮಸೆದು ಮಸೆದು ಅರ್ಧಕ್ಕೆ ಇಳಿದಿದ್ದರೂ ತಯಾರಿಸಿದವರು ಒತ್ತಿದ ಮುದ್ರೆ ಅಲ್ಲಿ ಉಳಿದಿರುತ್ತದೆ.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಇಂಥ ಚಾಕು ಹೊರಗೆ ಬರುವುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ಒಂದು, ಆಯುಧಪೂಜೆ. ಇನ್ನೊಂದು, ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುವಾಗ. ಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಅದು ಮತ್ತೆ ಪೆಟ್ಟಿಗೆ ಸೇರುತ್ತದೆ. ಮನೆ ಕೆಡವುವಾಗ ಮಾತ್ರ ಹಿತ್ತಾಳೆ, ತಾಮ್ರವನ್ನೆಲ್ಲ ಜೋಪಾನವಾಗಿ ಎತ್ತಿಟ್ಟು, ಇದನ್ನು ಕಬ್ಬಿಣದ ರಾಶಿಗೆ ಎಸೆಯುತ್ತಾರೆ. ತೂಕದಲ್ಲಿ ಅದು ಯಾವ ಲೆಕ್ಕಕ್ಕೂ ಇಲ್ಲ. ಆದರೆ ಒಂದು ಮನೆಯ ಕಸುಬು, ಅಭ್ಯಾಸ, ಓಡಾಟದ ಗುರುತು ಅಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟು ಒತ್ತಾಗಿ ಉಳಿದಿರುವುದು ಅಪರೂಪ.

ಯಾರ ಜೇಬಿನಲ್ಲಿತ್ತು?

ಕುಡುಗೋಲು, ಮಚ್ಚು, ಈಳಿಗೆಮಣೆಯ ಅಲಗು ಊರಿನ ಕುಲುಮೆಯಲ್ಲೇ ಆಗುತ್ತಿದ್ದವು. ಮಡಚುವ ಚಾಕಿನ ಕೆಲಸ ಬೇರೆ. ಹದ ಮಾಡಿದ ಅಲಗು, ಅದನ್ನು ಬಿಗಿಯಾಗಿ ಹಿಡಿಯುವ ಬೆನ್ನಿನ ಸ್ಪ್ರಿಂಗು, ಇಕ್ಕೆಲಗಳಲ್ಲಿ ಹಿತ್ತಾಳೆ ತಗಡು, ಅದರ ಮೇಲೆ ಕೊಂಬಿನದೋ ಮೂಳೆಯದೋ ಹೊದಿಕೆ, ಎಲ್ಲವನ್ನೂ ಕಟ್ಟಿಹಾಕುವ ಸಣ್ಣ ರಿವಿಟ್ಟುಗಳು. ಇವು ಒಂದಕ್ಕೊಂದು ಕಚ್ಚಿ ಕೂರಬೇಕು. ಹಳೆಯ ಕಾಲದ ಒಳ್ಳೆಯ ಜೇಬುಚಾಕುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗನ್ ಪಟ್ಟಣಗಳಿಂದ ಹಡಗು ಹತ್ತಿ ಬಂದವು. ಒಳನಾಡಿಗೆ ಸರಕು ತರಲು ರೈಲೂ ಇತ್ತು: 1890ರ ದಶಕದ ಹೊತ್ತಿಗೆ ಅದು ಮೈಸೂರಿನಿಂದ ನಂಜನಗೂಡಿಗೆ ಬಂದಿತ್ತು. ಹಳಿ ಚಾಮರಾಜನಗರಕ್ಕೆ ಮುಂದುವರಿಯುವವರೆಗೆ ಅದೇ ಕೊನೆಯ ನಿಲ್ದಾಣ. ತಿ. ನರಸೀಪುರಕ್ಕೆ ಇವತ್ತಿಗೂ ರೈಲಿಲ್ಲ, ಅಲ್ಲಿಗೆ ಸರಕು ರಸ್ತೆಯಲ್ಲೇ ಹೋಗಬೇಕು.

ಕೊಂಡವರು ಯಾರು? ಮೊದಲಿಗೆ ಶಾನುಭೋಗರು. ಲೆಕ್ಕಣಿಕೆಯ ಮೊನೆ ಹೆರೆಯಲು, ಕಾಗದ ಕತ್ತರಿಸಲು ಅವರಿಗೆ ಸಣ್ಣ ಚಾಕು ಬೇಕೇ ಬೇಕು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ದಫ್ತರಗಳು ಸರ್ಕಾರಕ್ಕೆ ಹೋದವು, ಚಾಕು ಮನೆಯಲ್ಲೇ ಉಳಿಯಿತು. ಆಮೇಲೆ ಪೆನ್ಸಿಲ್ ಚೂಪು ಮಾಡುವ ಮೇಷ್ಟರು, ಮಾವಿನ ಕಸಿ ಕಟ್ಟುವ ತೋಟದವರು, ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸಿಪಾಯಿಗಳು, ಎಲೆಯಡಿಕೆ ಸಂಚಿ ಇಲ್ಲದೆ ಜಗುಲಿ ಬಿಟ್ಟೇಳದ ಯಜಮಾನರು.

ಚಾಕು ಹೊರಗಿನಿಂದ ಬಂತೆಂದರೆ ಉಕ್ಕಿನ ವಿದ್ಯೆಯೂ ಹೊರಗಿನದೆಂದಲ್ಲ. 1800–01ರಲ್ಲಿ ನಮ್ಮ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಉಕ್ಕು ಮಾಡುತ್ತಿದ್ದ ಕ್ರಮವನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲೇ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಭಾರತದ ಮೂಸೆಯುಕ್ಕಿನ ಮೇಲೆ ಪ್ರಬಂಧ ಓದಿದ್ದ. ಆ ಪರೀಕ್ಷೆಗಳ ಭಾಗವಾಗಿ ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಆ ಉಕ್ಕನ್ನು ಕಾಯಿಸಿ ಬಡಿದು ಮಾಡಿದ್ದು ಒಂದು ಪೆನ್ನುಚಾಕನ್ನು. ಯುರೋಪಿನ ಉತ್ತಮ ಉಕ್ಕಿಗಿಂತಲೂ ಇದೇ ತನಗೆ ಮೆಚ್ಚು ಎಂದು ಆತ ತನ್ನ ಅಂಗಡಿಯ ಜಾಹೀರಾತಿನಲ್ಲೇ ಹಾಕಿಕೊಂಡ. ಮುಂದೆ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗವನ್ನೂ ನಡೆಸಿದ.

ಬುಡದ ಅಕ್ಷರ

ಶೆಫೀಲ್ಡಿನ ಚಾಕುಗಳಲ್ಲಿ ಭಾರತದ ಪೇಟೆಯಲ್ಲಿ ದೊಡ್ಡ ಹೆಸರು ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್. ಅದರ ಗುರುತು ಒಂದು ನಕ್ಷತ್ರ, ಪಕ್ಕದಲ್ಲಿ ನಾಲ್ಕು ತೋಳಿನ ಮಾಲ್ಟೀಸ್ ಶಿಲುಬೆ. ಹಲವು ಚಾಕುಗಳಲ್ಲಿ ನಾರ್ಫೋಕ್ ಬೀದಿಯ 6ನೇ ನಂಬರಿನ ವಿಳಾಸವೂ ಇರುತ್ತದೆ. 1822ರಲ್ಲಿ ಬ್ರಿಟಿಷ್ ಅರಮನೆಯ ಮನ್ನಣೆ ಪಡೆದ ಈ ಕಂಪನಿ ತನ್ನ ಚಾಕುಗಳ ಮೇಲೆ ಕಿರೀಟವನ್ನೂ ಆಳುವ ದೊರೆಯ ಹೆಸರಿನ ಮೊದಲಕ್ಷರವನ್ನೂ ಒತ್ತುತ್ತಿತ್ತು. ಕಾಲ ಗೊತ್ತುಮಾಡಲು ಇದು ಒಳ್ಳೆಯ ದಾರಿ. ಕಿರೀಟದ ಎರಡು ಬದಿಗೆ ‘ವಿ’ ಮತ್ತು ‘ಆರ್’ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ‘ಇ’ ಮತ್ತು ‘ಆರ್’ ಇದ್ದರೆ ಸಾಮಾನ್ಯವಾಗಿ 1901ರಿಂದ 1910, ಏಳನೇ ಎಡ್ವರ್ಡ್. ‘ಜಿ’ ಮತ್ತು ‘ಆರ್’ ಬಂದಾಗ ಮಾತ್ರ ತಾಳ್ಮೆ ಬೇಕು. ಜಾರ್ಜ್ ಎಂಬ ದೊರೆಗಳು 1830ಕ್ಕೆ ಮೊದಲೂ ಇದ್ದರು, 1910ರ ನಂತರವೂ ಇಬ್ಬರು ಬಂದರು. ಆಗ ಬೇರೆ ಸಾಕ್ಷಿ ಹುಡುಕಬೇಕು.

ಹೆಸರು ಮಾಡಿದ ಸರಕಿಗೆ ನಕಲಿ ಹುಟ್ಟುವುದು ಹೊಸದೇನಲ್ಲ. ರಾಡ್ಜರ್ಸ್ ಹೆಸರನ್ನು ಒಂದೆರಡು ಅಕ್ಷರ ಆಚೀಚೆ ಮಾಡಿ ಒತ್ತಿದ ಚಾಕುಗಳು ಆ ಕಾಲದಲ್ಲೇ ಪೇಟೆಗೆ ಬಂದಿದ್ದವು. ಇಂಗ್ಲಿಷ್ ಕಾಗುಣಿತದ ನಡುವೆ ‘ಡಿ’ ಇದೆಯೇ, ಕೊನೆಗೆ ‘ಎಸ್’ ಇದೆಯೇ, ನಕ್ಷತ್ರದ ಪಕ್ಕದಲ್ಲಿರುವುದು ಶಿಲುಬೆಯೇ ಅಥವಾ ಅದನ್ನು ಹೋಲುವ ಹೂವೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಶೆಫೀಲ್ಡಿನದೇ ಇನ್ನೊಂದು ದೊಡ್ಡ ಕಂಪನಿ ಜಾರ್ಜ್ ವೋಸ್ಟನ್‌ಹೋಮ್‌ನದು. ಅದರ ಮುದ್ರೆ ‘ಐ’, ನಕ್ಷತ್ರ, ‘ಎಕ್ಸ್’, ‘ಎಲ್’.

ದೇಶದ ಹೆಸರು ಇನ್ನೊಂದು ಸುಳಿವು. ಹೊರದೇಶದ ಸರಕಿನ ಮೇಲೆ ಮೂಲ ತಿಳಿಸಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 1887ರಲ್ಲಿ ಬಂತು. ಭಾರತದಲ್ಲೂ 1889ರಲ್ಲಿ ಸರಕು ಗುರುತಿನ ಕಾಯ್ದೆ ಆಯಿತು. 1890ರ ಅಮೆರಿಕದ ಸುಂಕದ ಕಾಯ್ದೆಯೂ ಅದನ್ನೇ ಕೇಳಿತು. ಆದ್ದರಿಂದ ಅಲಗಿನ ಬುಡದಲ್ಲಿ ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಎಂದು ದೇಶದ ಹೆಸರಿದ್ದರೆ ಚಾಕು ಬಹುಮಟ್ಟಿಗೆ ಆ ವರ್ಷಗಳ ಈಚಿನದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು, ಅನುಮಾನವೇ ಬೇಡ. ‘ಸ್ಟೇನ್‌ಲೆಸ್’ ಎಂಬ ಮಾತಿದ್ದರೆ 1913ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡದ್ದು ಆ ವರ್ಷ. ಜರ್ಮನ್ ಚಾಕಿನಲ್ಲಿ ಅದೇ ‘ರೋಸ್ಟ್‌ಫ್ರೈ’ ಆಗುತ್ತದೆ. ಸ್ವಿಟ್ಜರ್ಲೆಂಡಿನ ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ಹೆಸರಿನಲ್ಲೂ ಈ ಚರಿತ್ರೆ ಸೇರಿದೆ. ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಾರ್ಖಾನೆ, 1909ರಲ್ಲಿ ತೀರಿಕೊಂಡ ಆತನ ತಾಯಿ ವಿಕ್ಟೋರಿಯಾಳ ಹೆಸರು ಹೊತ್ತಿತು. ಅದಕ್ಕೆ ‘ಇನಾಕ್ಸ್’ ಸೇರಿದ್ದು ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ.

ಮಿಲಿಟರಿ ಚಾಕು ಸುಲಭವಾಗಿ ಸಿಕ್ಕಿಬೀಳುತ್ತದೆ. ಗಟ್ಟಿಮುಟ್ಟಾದ ಕಪ್ಪು ಹಿಡಿ, ಅದರ ಮೇಲೆ ಕೈ ಜಾರದಿರಲೆಂದು ಚೌಕಳಿ ಗೀರು, ಒಂದು ದಪ್ಪ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿಗೆ ಹಗ್ಗದ ಗಂಟು ಬಿಡಿಸುವ ಉದ್ದನೆಯ ಮುಳ್ಳು, ತುದಿಯಲ್ಲಿ ದಾರ ಕಟ್ಟುವ ಬಳೆ. ಸರ್ಕಾರಿ ಸ್ವತ್ತೆಂದು ತೋರಿಸುವ ಬಾಣದ ಗುರುತು, ಅನೇಕ ಬಾರಿ ತಯಾರಾದ ಇಸವಿಯೂ ಇರುತ್ತದೆ. ಸೈನ್ಯಕ್ಕೆ ಹೋಗಿದ್ದವರು ಯಾರೂ ಇಲ್ಲದ ಮನೆಯಲ್ಲಿ ಇದು ಸಿಕ್ಕಿದರೆ ಅಚ್ಚರಿಪಡಬೇಕಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನು ಹರಾಜಿನಲ್ಲಿ ರಾಶಿರಾಶಿಯಾಗಿ ಪೇಟೆಗೆ ಬಿದ್ದಿತ್ತು.

ಅಲಗಿನ ಆಕಾರ, ಹಿಡಿಯ ಮೈ

ಮುದ್ರೆ ಅಳಿಸಿಹೋಗಿದ್ದರೆ ಆಕಾರ ಮಾತಾಡುತ್ತದೆ. ಸಣ್ಣ, ತೆಳು, ಚೂಪು ಅಲಗು ಬರವಣಿಗೆ ಮೇಜಿನದು. ತುದಿ ಒಳಕ್ಕೆ ಬಾಗಿ ಗಿಳಿಮೂತಿಯಾಗಿದ್ದರೆ ಗಿಡ ಸವರುವ ತೋಟದ ಚಾಕು. ಹಿಡಿಯ ಹಿಂತುದಿಯಲ್ಲಿ ಮೂಳೆಯ ಚಪ್ಪಟೆ ನಾಲಗೆ ಇದ್ದರೆ ಅದು ಕಣ್ಣು ಕಸಿಗೆ, ಸಿಪ್ಪೆ ಎಬ್ಬಿಸಿ ಮೊಗ್ಗು ಕೂರಿಸಲು. ತುದಿ ಮೊಂಡಾಗಿ, ಬಾಯಿ ನೇರವಾಗಿದ್ದರೆ ಹಗ್ಗ ಕೊಯ್ಯುವ ಚಾಕು.

ಹಿಡಿ ಯಾವುದರದು ಎಂಬುದಕ್ಕೂ ಬರಿಗಣ್ಣೇ ಸಾಕು. ಮೂಳೆಯ ಮೇಲೆ ಸೂಜಿಮೊನೆಯಂಥ ಕಪ್ಪು ಚುಕ್ಕೆ, ಗೀರು ಕಾಣುತ್ತವೆ. ರಕ್ತನಾಳಗಳಿದ್ದ ಜಾಗ ಅವು. ದಂತದಲ್ಲಿ ಆ ಚುಕ್ಕೆಗಳಿರುವುದಿಲ್ಲ. ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಸಣ್ಣ ಗೆರೆಗಳಿರುತ್ತವೆ. ಎಮ್ಮೆ ಕೊಂಬು ಪದರಪದರವಾಗಿ ಬಿಡುತ್ತದೆ, ಹುಳುವೂ ತಿನ್ನುತ್ತದೆ. ಒರಟು ತೊಗಟೆಯಂತಿರುವುದು ಕಡವೆ ಕೊಂಬು. ಶೆಫೀಲ್ಡಿನ ಚಾಕುಗಳ ಕಡವೆ ಕೊಂಬು ಭಾರತದಿಂದಲೇ ಹೋಗುತ್ತಿತ್ತು. ಎಂದರೆ ನಮ್ಮ ಕಾಡಿನ ಕೊಂಬು ಸಮುದ್ರ ದಾಟಿ, ಶೆಫೀಲ್ಡಿನ ಅಲಗಿಗೆ ಹಿಡಿಯಾಗಿ, ಬೆಲೆ ಏರಿಸಿಕೊಂಡು ನಮ್ಮ ಪೇಟೆಗೇ ಮರಳಿರಬಹುದು. ಹಿಡಿ ಆಮೆಚಿಪ್ಪಿನಂತೆಯೋ ಮುತ್ತಿನಚಿಪ್ಪಿನಂತೆಯೋ ಹೊಳೆಯುತ್ತಿದ್ದರೆ ಹೆಬ್ಬೆರಳಿನಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, 1870ರ ದಶಕದ ಈಚಿನ ಕೃತಕ ವಸ್ತು. ಅದನ್ನು ತಯಾರಿಸುವುದೇ ಕರ್ಪೂರ ಬೆರೆಸಿ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆಗೆ ಮಾತ್ರ ಹೋಗಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ.

ನಮ್ಮವೇ ಮಡಚುವ ಕತ್ತಿಗಳು

ಚಾಕು ಸಂಗ್ರಹದ ಪರದೇಶಿ ಪುಸ್ತಕಗಳು ಹೇಳದ ಒಂದು ಜಾತಿ ದಕ್ಷಿಣ ಭಾರತದಲ್ಲಿದೆ. ಓಲೆಗರಿಯ ಮೇಲೆ ಬರೆಯುವ ಉಕ್ಕಿನ ಕಂಟ ಮತ್ತು ಗರಿಯ ಅಂಚು ಸವರುವ ಕಿರುಗತ್ತಿ, ಎರಡೂ ಒಂದೇ ಹಿಡಿಯೊಳಕ್ಕೆ ಮಡಚಿಕೊಳ್ಳುವ ಸಾಧನ ಅದು. ಬಿಚ್ಚಿದರೆ ಒಂದು ಬದಿಗೆ ಲೇಖನಿ, ಇನ್ನೊಂದು ಬದಿಗೆ ಚಾಕು. ಸೋಸಲೆಯ ವ್ಯಾಸರಾಜ ಮಠ ತಿ. ನರಸೀಪುರ ತಾಲ್ಲೂಕಿನದು, ಸುತ್ತೂರು ಮಠ ನಂಜನಗೂಡು ತಾಲ್ಲೂಕಿನದು. ನಂಜನಗೂಡಿನ ಹೆಸರನ್ನೇ ಹೊತ್ತ ರಾಘವೇಂದ್ರಸ್ವಾಮಿ ಮಠವೂ ಇದೆ. ಓದು ಬರಹ ಇಷ್ಟು ದಟ್ಟವಾಗಿದ್ದ ಸೀಮೆಯಲ್ಲಿ ಹಳೆಯ ಪುರೋಹಿತರ ಮನೆ, ಪಂಡಿತರ ಮನೆಯ ಪೆಟ್ಟಿಗೆ ತೆರೆದಾಗ ಓಲೆಗರಿಯ ಕಟ್ಟಿನ ಜೊತೆಗೇ ಉಳಿದ ಕಬ್ಬಿಣದ ಸಾಧನಗಳನ್ನೂ ನೋಡಬೇಕು. ಗರಿಗೆ ಸಿಗುವ ಮರ್ಯಾದೆ ಕಂಟಕ್ಕೆ ಸಿಗುವುದಿಲ್ಲ. ಅದನ್ನು ದಬ್ಬಳವೆಂದು ತಿಳಿದು ಗೋಣಿಚೀಲ ಹೊಲಿಯಲು ಕೊಟ್ಟುಬಿಡುವ ಅಪಾಯವೇ ಹೆಚ್ಚು.

ಎರಡನೆಯದು ಅಡಕತ್ತರಿ. ಹಿತ್ತಾಳೆಯ ತೋಳು, ಉಕ್ಕಿನ ಬಾಯಿ. ಗಿಳಿ, ಕುದುರೆ, ದಂಪತಿಯ ಆಕಾರಗಳಲ್ಲಿ ಎರಕ ಹೊಯ್ದವು ಉಂಟು. ಇದರ ಸಂಗ್ರಹಕ್ಕೆ ಲೋಕಮನ್ನಣೆಯೂ ಇದೆ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ ಅಡಕತ್ತರಿಗಳು ಹೆಸರುವಾಸಿ. ಅಮೆರಿಕದ ಗಣಿತಜ್ಞ ಸ್ಯಾಮ್ಯುಯೆಲ್ ಐಲನ್‌ಬರ್ಗ್ ಕೂಡಿಸಿದ ಅಡಕತ್ತರಿಗಳ ಮೇಲೆ ಒಂದು ಪುಸ್ತಕವೇ ಬಂದಿದೆ. ಪಕ್ಕದ ಕೊಡಗಿನ ಪೀಚೆಕತ್ತಿ ಮಡಚುವುದಿಲ್ಲವಾದರೂ ಒರೆಗೆ ತೂಗುಬಿದ್ದ ಸರಪಳಿಯಲ್ಲಿ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿಯಂಥ ಪುಟ್ಟ ಸಾಧನಗಳಿರುತ್ತವೆ. ಹಲವು ಕೆಲಸಕ್ಕೆ ಒಂದೇ ಗಂಟು ಎಂಬ ಯೋಚನೆ ಸ್ವಿಟ್ಜರ್ಲೆಂಡಿನವರೊಬ್ಬರದೇ ಅಲ್ಲ.

ಸವೆತವನ್ನು ಓದುವುದು

ಇಲ್ಲಿಯವರೆಗಿನದು ಮಾಡಿದವರ ಗುರುತು. ಇನ್ನು ಬಳಸಿದವರದು. ನನ್ನೆದುರಿಗೆ ತಿ. ನರಸೀಪುರ ಕಡೆಯ ಮನೆಯೊಂದರ ಎರಡಲಗಿನ ಚಾಕು ಇದೆ. ಹಿಡಿ ಕೊಂಬಿನದು, ಒಂದು ಬದಿ ಬಿರುಕು ಬಿಟ್ಟಿದೆ. ಸಣ್ಣ ಅಲಗು ಹೆಚ್ಚುಕಡಿಮೆ ಹೊಸದರ ಹಾಗೇ ಇದೆ. ದೊಡ್ಡ ಅಲಗಿನ ನಡುಭಾಗ ಮಸೆದು ಒಳಕ್ಕೆ ಬಾಗಿದೆ. ಮಡಚಿದಾಗ ಅದರ ತುದಿ ಹಿಡಿಯ ಕೊನೆಯನ್ನು ಮುಟ್ಟದೆ ಅರ್ಧ ಬೆರಳು ಹಿಂದೆಯೇ ನಿಲ್ಲುತ್ತದೆ. ಅಲಗಿನ ಮೈ ನೀಲಿಗಪ್ಪು. ಕೀಲಿನ ಸಂದಿಯಲ್ಲಿ ಬೆಳ್ಳಗೆ ಏನೋ ಕಟ್ಟಿಕೊಂಡಿದೆ.

ಸಂದಿಯ ಬಿಳುಪು ಸುಣ್ಣ. ನೀಲಿಗಪ್ಪು ಅಡಿಕೆಯ ಒಗರಿನದು. ಒಗರಿನ ಸತ್ವ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಹಿಂದೆ ಅಳಲೆಕಾಯಿಯಿಂದ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ನಡುಭಾಗ ಸವೆದದ್ದು ಯಂತ್ರದ ಸಾಣೆಯಲ್ಲಲ್ಲ, ಕೈಯಲ್ಲಿ. ಗೀರುಗಳು ಒರಟು, ಒಂದೇ ದಿಕ್ಕಿಗಿಲ್ಲ, ಜಗುಲಿಕಲ್ಲಿನ ಅಂಚಿಗೋ ಬಾವಿಕಟ್ಟೆಗೋ ಉಜ್ಜಿದಂತಿವೆ. “ನಮ್ಮಪ್ಪಂದು ಕಣ್ ಸಾ, ಯಾವಾಗ್ಲೂ ಸಂಚಿಲೇ ಇರೋದು” ಎಂದು ಆ ಮನೆಯವರು ಹೇಳಿದ್ದಕ್ಕೂ ಅಲಗು ಹೇಳುವುದಕ್ಕೂ ತಾಳೆಯಾಗುತ್ತದೆ. ಸಣ್ಣ ಅಲಗು ಹೇಳುವಂತೆ ಬರವಣಿಗೆಗೆಂದು ತಯಾರಾದ ಚಾಕು ಇಲ್ಲಿ ಎಲೆಯಡಿಕೆಯ ಚಾಕರಿಗೆ ಇಳಿಯಿತು.

ಹೀಗೆ ಓದಲು ಕೆಲವು ಲಕ್ಷಣ ಗೊತ್ತಿದ್ದರೆ ಸಾಕು. ತುದಿಯ ಕಡೆ ಮಾತ್ರ ಸವೆದಿದ್ದರೆ ಲೆಕ್ಕಣಿಕೆಯದೋ ಪೆನ್ಸಿಲಿನದೋ ಕೆಲಸ. ಬಾಯಿಯಲ್ಲಿ ಹಲ್ಲು ಹಲ್ಲಾಗಿ ಮುಕ್ಕಾಗಿದ್ದರೆ ತಂತಿಯೋ ಹುರಿಯೋ ಕೊಯ್ದದ್ದು. ಅಲಗಿನ ಬೆನ್ನು ಚಪ್ಪಟೆಯಾಗಿದ್ದರೆ ಯಾರೋ ಸುತ್ತಿಗೆಯಿಂದ ಬಡಿದಿದ್ದಾರೆ. ಒಂದೇ ಮಗ್ಗುಲು ಹೆಚ್ಚು ಸವೆದಿದ್ದರೆ ಮಸೆದ ಕೈ ಎಡವೋ ಬಲವೋ ಎಂದು ಊಹಿಸಬಹುದು. ಅಲಗು ಮಡಚುವಾಗ ‘ಟಕ್’ ಎಂದು ಗಟ್ಟಿಯಾಗಿ ಕೂತರೆ ಸ್ಪ್ರಿಂಗು ಜೀವಂತ. ಅಲಗು ಹೊಳೆಯುತ್ತಿದ್ದು ಹಿಡಿ ಮುದಿಯಾಗಿದ್ದರೆ, ಮುದ್ರೆಯ ಗೆರೆಗಳು ಆಳವಿಲ್ಲದೆ ಒಂದೇ ಸಮನಾಗಿದ್ದರೆ, ಹಳೆಯ ಹೆಸರನ್ನು ಹೊಸದಾಗಿ ಕೆತ್ತಿದ್ದಾರೋ ಎಂದು ಅನುಮಾನಿಸಿ.

ಹುಣಸೆಹಣ್ಣು ದೂರವಿಡಿ

ಹಳೆಯ ಚಾಕಿಗೆ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಅನಾಹುತ ಆಯುಧಪೂಜೆಯ ಹಿಂದಿನ ದಿನದ್ದು. ಹಿತ್ತಾಳೆ ಪಾತ್ರೆಗಳ ಜೊತೆಗೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಹುಳಿಗೆ ತುಕ್ಕಷ್ಟೇ ಅಲ್ಲ, ಕಪ್ಪು ಮೈಯೂ ಹೋಗುತ್ತದೆ, ಮುದ್ರೆಯೂ ಮಂಕಾಗುತ್ತದೆ. ನೀಲಿಗಪ್ಪು ಬಣ್ಣ ಅಲಗಿಗೆ ಒಂದು ಮಟ್ಟಿನ ಕಾಪು, ಅದನ್ನು ಬಿಡಿ. ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿ ನೆನೆಸಿ, ಮೆತ್ತಗಿನ ಬಟ್ಟೆಯಿಂದಲೋ ಬಿದಿರಿನ ಕಡ್ಡಿಯಿಂದಲೋ ತೆಗೆಯಿರಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಕೀಲಿಗೆ ಬಿಟ್ಟರೆ ಸಾಕು. ಪೂಜೆಗೆ ಕುಂಕುಮವನ್ನು ಹಿಡಿಯ ಮೇಲಿಟ್ಟು, ಮರುದಿನವೇ ಒಣಬಟ್ಟೆಯಲ್ಲಿ ಒರೆಸಿ. ಸೆಲ್ಯುಲಾಯ್ಡ್ ಹಿಡಿಯ ಚಾಕನ್ನು ಬೇರೆಯವುಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ. ಹಳತಾದಂತೆ ಅದು ಬಿಡುವ ಹುಳಿಗಾಳಿ ಅಕ್ಕಪಕ್ಕದ ಅಲಗುಗಳನ್ನೂ ತಿನ್ನುತ್ತದೆ.

ಕಾನೂನಿನ ಕಡೆಗೂ ಗಮನವಿರಲಿ. ಗೃಹ, ಕೃಷಿ, ಕೈಗಾರಿಕೆ ಮುಂತಾದ ಬಳಕೆಗಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಜೇಬುಚಾಕು ಆ ಅಳತೆ ಮುಟ್ಟುವುದಿಲ್ಲ, ಹಾಗೆಂದು ಜಾತ್ರೆಗೋ ವಿಮಾನಕ್ಕೋ ಜೇಬಿನಲ್ಲಿಟ್ಟುಕೊಂಡು ಹೋಗುವಂತಿಲ್ಲ. ನೂರು ವರ್ಷ ದಾಟಿದ ಕುಶಲ ವಸ್ತು 1972ರ ಪುರಾವಸ್ತು ಕಾಯ್ದೆಯ ಕಣ್ಣಿಗೆ ಬೀಳಬಹುದು, ಅಂಥದ್ದನ್ನು ಖಾಸಗಿಯವರು ದೇಶದಿಂದ ಆಚೆ ಕಳಿಸುವಂತಿಲ್ಲ. ದಂತ, ಕಡವೆ ಕೊಂಬಿನ ಹಿಡಿಯಿದ್ದರೆ ಕೊಳ್ಳುವ, ಮಾರುವ ಮೊದಲು ವನ್ಯಜೀವಿ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆಂದು ಅರಣ್ಯ ಇಲಾಖೆಯಲ್ಲಿ ಕೇಳಿ.

ಚೀಟಿಯೊಂದನ್ನು ಬರೆದಿಡಿ

ತಿ. ನರಸೀಪುರದ ಸಂಗಮದ ಬಳಿ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಉತ್ಖನನ ನಡೆದು, 1971ರಲ್ಲಿ ಅದರ ವರದಿ ಬಂತು. ನವಶಿಲಾಯುಗದ ಜನ ಅಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸಿ ಬಾಳಿದ್ದರು. ಅಂಥ ಕಲ್ಲಿನ ಉಪಕರಣಗಳ ಅರ್ಥ ತಿಳಿಯುವುದು ಅವು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕವು ಎಂದು ಬರೆದಿಟ್ಟಿರುವುದರಿಂದ. ಬಾಯಿಯ ಸವೆತ, ಹೊಳಪು ನೋಡಿ ಅವು ಹುಲ್ಲು ಕೊಯ್ದವೋ ಮರ ಕಡಿದವೋ ಎಂದು ಪುರಾತತ್ವಜ್ಞರು ಹೇಳುತ್ತಾರೆ. ಪದರದ ವಿವರವಿಲ್ಲದೆ ಎತ್ತಿಕೊಂಡ ಕಲ್ಲು ಬರೀ ಕಲ್ಲು.

ಮನೆಯ ಚಾಕಿಗೆ ಮನೆಯೇ ಪದರ. ಚಾಕಿನ ಜೊತೆ ಒಂದು ಚೀಟಿ ಇರಲಿ: ಯಾವ ಊರು, ಯಾರ ಮನೆ, ಯಾರು ಬಳಸಿದ್ದು, ಅವರ ಕಸುಬೇನು, ಎಲ್ಲಿ ಕೊಂಡದ್ದು, ಪೆಟ್ಟಿಗೆಯಲ್ಲಿ ಯಾವುದರ ಜೊತೆಗಿತ್ತು. ಮುದ್ರೆಯದೊಂದು, ಪೂರ್ತಿ ಬಿಚ್ಚಿದ್ದೊಂದು, ಮಡಚಿದ್ದೊಂದು ಫೋಟೊ ಸೇರಿಸಿ. ಮನೆಯಲ್ಲಿ ಇಟ್ಟುಕೊಳ್ಳಲು ಯಾರಿಗೂ ಮನಸ್ಸಿಲ್ಲದಿದ್ದರೆ ಗುಜರಿಗಿಂತ ಮೊದಲು ವಸ್ತುಸಂಗ್ರಹಾಲಯಗಳನ್ನು ವಿಚಾರಿಸಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇಂಥ ದಿನಬಳಕೆಯ ಸಾಮಾನುಗಳಿಂದಲೇ ಕಟ್ಟಿದ್ದು.

ಹೊರದೇಶದ ಸಂಗ್ರಹಕಾರರು ಹೆಚ್ಚು ಬೆಲೆ ಕಟ್ಟುವುದು ಮಸೆಗಲ್ಲು ಮುಟ್ಟದ, ಅಂಗಡಿಯಿಂದ ಈಗತಾನೇ ತಂದಂತಿರುವ ಚಾಕಿಗೆ. ಆ ಅಳತೆಯಲ್ಲಿ ನಮ್ಮ ಮನೆಗಳ ಸವೆದ ಚಾಕುಗಳು ಕೆಳಗಿನ ಸಾಲಿಗೇ ಹೋಗುತ್ತವೆ. ಆದರೆ ಹೊಸದಾಗಿಯೇ ಉಳಿದ ಚಾಕು ಕಾರ್ಖಾನೆಯ ಚರಿತ್ರೆಯನ್ನಷ್ಟೇ ಹೇಳೀತು, ಅದು ಹೇಗೂ ಪುಸ್ತಕಗಳಲ್ಲಿದೆ. ರಾಡ್ಜರ್ಸ್ ಮುದ್ರೆಯನ್ನು ಇನ್ನು ಐವತ್ತು ವರ್ಷ ಬಿಟ್ಟು ನೋಡಿದರೂ ಓದಬಹುದು. ಯಾರ ಸಂಚಿಯಲ್ಲಿತ್ತು, ಯಾವ ಕಲ್ಲಿನ ಮೇಲೆ ಮಸೆಯುತ್ತಿದ್ದರು ಎಂದು ಹೇಳಬಲ್ಲವರಿಗೆ ಈಗ ಎಂಬತ್ತರ ಆಸುಪಾಸು. ಭೂತಗನ್ನಡಿ ಆಮೇಲೆ ಕೊಂಡರಾಯಿತು, ಮೊದಲು ಅವರನ್ನು ಕೇಳಿ ಬರೆದುಕೊಳ್ಳಿ.